ಒದ್ದೆ ಬಟ್ಟೆ ಪ್ಲಾಸ್ಟಿಕ್ಕಿಗೆ ತುಂಬೋದು ಮೊದ್ಲು ನಿಲ್ಲಿಸಿ: ಮಹಾರಾಷ್ಟ್ರದ ಗೃಹ ಮಂತ್ರಿಗಳಿಗೆ ಬಹಿರಂಗ ಪತ್ರ

ಮಾನ್ಯ ಗೃಹ ಮಂತ್ರಿಗಳಿಗೆ ನಮಸ್ಕಾರ.

ನಾನು ಮುಂಬೈಯಲ್ಲಿರೋ ಕನ್ನಡದವಳು. ಕಲಬುರಗಿ, ಯಾದಗಿರಿ, ವಿಜಯಪುರ ಕಡೆಯಿಂದ ಬಿಲ್ಡಿಂಗ್ ಕೆಲಸಕ್ಕೆ ಬಂದವರ ಮನೆ ಹೆಣ್ಣುಮಕ್ಕಳಿಗೆ ಏನಾದ್ರೂ ಆದಾಗ ಆಸ್ಪತ್ರೆ, ಸ್ಟೇಷನ್ನು, ಕೋರ್ಟು ಅಂತ ಅವರ ಜೊತೆ ಓಡಾಡ್ತೀನಿ, ಅವರು ಹೇಳಿದ್ದನ್ನ ಮರಾಠಿಯಲ್ಲಿ ಹೇಳ್ತೀನಿ. ಈ ಪತ್ರದ ಮರಾಠಿ ಪ್ರತಿ ನಿಮ್ಮ ಆಫೀಸಿಗೆ ಕಳಿಸಿದೀನಿ, ಇಲ್ಲಿ ಕನ್ನಡದಲ್ಲಿ ಹಾಕ್ತಿರೋದು ನಮ್ಮವರೂ ಓದಿ ತಿಳ್ಕೊಳ್ಳಲಿ ಅಂತ.

ಅತ್ಯಾಚಾರದ ಕೇಸು ಅಂದ್ರೆ ಎಲ್ಲರೂ ಮುಂಬೈಯ ಕಲೀನಾದಲ್ಲಿರೋ ಸರ್ಕಾರಿ ಫೊರೆನ್ಸಿಕ್ ಲ್ಯಾಬಿನ ಮಾತೇ ಆಡ್ತಾರೆ, ಹೊಸ ಮಷೀನು ಬೇಕು, ಜನ ಬೇಕು ಅಂತ. ಬೇಕು, ಇಲ್ಲ ಅನ್ನಲ್ಲ. ಆದ್ರೆ ಲ್ಯಾಬಿನ ಬಾಗಿಲು ತಲುಪೋ ಮೊದ್ಲೇ ಸಾಕ್ಷಿ ಹಾಳಾಗಿ ಹೋಗಿದ್ರೆ ಅಲ್ಲಿ ಕೂತವರು ಏನು ಹುಡುಕ್ಬೇಕು ಹೇಳಿ.

ನಾನು ಕಣ್ಣಾರೆ ನೋಡಿದ್ದು ಹೇಳ್ತೀನಿ. ಜೋರು ಮಳೆ, ಹುಡುಗಿ ತೊಟ್ಟಿದ್ದ ಸಲ್ವಾರು ತೊಪ್ಪೆಯಾಗಿತ್ತು, ಅದನ್ನ ಹಾಗೇ ಒಂದು ಪ್ಲಾಸ್ಟಿಕ್ ಚೀಲಕ್ಕೆ ತುರುಕಿ, ಗಂಟು ಹಾಕಿ, ಅರಗಿನ ಸೀಲ್ ಒತ್ತಿ, ಮುದ್ದೆಮಾಲು, ಅಂದ್ರೆ ಕೇಸಿನ ಸಾಕ್ಷಿ ವಸ್ತು, ಅಂತ ಚೀಟಿ ಅಂಟಿಸಿ ಕಪಾಟಿನ ಮೇಲಿಟ್ರು. ಚೀಲದ ಒಳಗೋಡೆ ತುಂಬ ನೀರಿನ ಹನಿ ಕಾಣ್ತಿತ್ತು. ಯಾವ ಸ್ಟೇಷನ್ನು ಅಂತ ಬರೆಯಲ್ಲ, ಒಬ್ಬ ಹವಾಲ್ದಾರರ ಮೇಲೆ ಗೂಬೆ ಕೂರಿಸೋದು ನನ್ನ ಉದ್ದೇಶ ಅಲ್ಲ, ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ ಅಷ್ಟೇ. ಆಮೇಲೆ ಸಿಎ ರಿಪೋರ್ಟ್, ಅಂದ್ರೆ ಲ್ಯಾಬಿನ ಕೆಮಿಕಲ್ ಅನಲೈಸರ್ ವರದಿ, ಬಂತು, ವೀರ್ಯ ಪತ್ತೆಯಾಗಿಲ್ಲ ಅಂತ. ಅಕ್ಕಪಕ್ಕದ ಖೋಲಿಯವರು ಅವತ್ತಿಂದ ಆ ಹುಡುಗಿನ ಸುಳ್ಳಿ ಅನ್ನೋಕೆ ಶುರು ಮಾಡಿದ್ರು.

ಮಳೆಗಾಲದಲ್ಲಿ ಒದ್ದೆ ಬಟ್ಟೆ ಮುದುರಿ ಬಕೆಟ್ಟಲ್ಲಿ ಬಿಟ್ರೆ ಏನಾಗತ್ತೆ ಅಂತ ಮುಂಬೈಯಲ್ಲಿ ಯಾರಿಗೂ ಹೇಳಿಕೊಡಬೇಕಿಲ್ಲ. ಚೀಲದೊಳಗೂ ಅದೇ ಆಗೋದು, ಬ್ಯಾಕ್ಟೀರಿಯಾ, ಬೂಷ್ಟು ಬೆಳೆದು ಡಿಎನ್ಎನ ತುಂಡು ತುಂಡು ಮಾಡ್ತಾವೆ. ಲ್ಯಾಬಲ್ಲಿ ಮೊದ್ಲು ಕಲೆ ಮೇಲೆ ಆಸಿಡ್ ಫಾಸ್ಫಟೇಸ್ ಅನ್ನೋ ಕಿಣ್ವದ ಪರೀಕ್ಷೆ ಮಾಡ್ತಾರೆ, ನೇರಳೆ ಬಣ್ಣ ಬಂದ್ರೆ ವೀರ್ಯ ಇರಬಹುದು ಅಂತ ಅಷ್ಟೇ ಅರ್ಥ, ಖಾತ್ರಿ ಅಲ್ಲ, ಯಾಕಂದ್ರೆ ಆ ಕಿಣ್ವ ಹೆಂಗಸರ ದೇಹದ ಸ್ರಾವದಲ್ಲೂ ಸ್ವಲ್ಪ ಇರತ್ತೆ. ಆಮೇಲೆ ಮೈಕ್ರೋಸ್ಕೋಪಲ್ಲಿ ವೀರ್ಯಾಣು ಹುಡುಕ್ತಾರೆ, ಇಲ್ಲಾ ಪಿಎಸ್ಎ ಅನ್ನೋ ಪ್ರೋಟೀನ್ ನೋಡ್ತಾರೆ, ಅದು ಪ್ರಾಸ್ಟೇಟ್ ಗ್ರಂಥಿಯಿಂದ ಬರೋದ್ರಿಂದ ಸಂತಾನಹರಣ ಆಪರೇಷನ್ ಆದ ಗಂಡಸಿನ ವೀರ್ಯದಲ್ಲೂ ಸಿಗತ್ತೆ. ರಕ್ತಕ್ಕೆ ಫಿನಾಲ್ಫ್ಥಲೀನ್ ಪರೀಕ್ಷೆ ಗುಲಾಬಿ ಬಣ್ಣ ಕೊಡತ್ತೆ, ಜೊಲ್ಲಿಗೆ ಅಮೈಲೇಸ್ ಅನ್ನೋ ಕಿಣ್ವ ನೋಡ್ತಾರೆ, ಕಚ್ಚಿದ ಗಾಯ ಇದ್ದಾಗ ಅದು ತುಂಬಾ ಮುಖ್ಯ. ಇಷ್ಟೆಲ್ಲ ಗೊತ್ತಿರೋ ವಿದ್ಯೆ ಸಾಹೇಬ್ರೆ, ಒಂದು ಪ್ಲಾಸ್ಟಿಕ್ ಚೀಲಕ್ಕೆ ಸೋತು ಹೋಗ್ತಿದೆ ಅನ್ನೋದು ನನ್ನ ಹೊಟ್ಟೆ ಉರಿ.

ಕೇಂದ್ರ ಆರೋಗ್ಯ ಇಲಾಖೆ 2014ರಲ್ಲೇ ಮಾರ್ಗಸೂಚಿ ಕೊಟ್ಟಿದೆ, ಬಟ್ಟೆ, ಸ್ವಾಬ್ (ಮೈಯಿಂದ ಹತ್ತಿಯಲ್ಲಿ ಒರೆಸಿ ತೆಗೆದ ಮಾದರಿ) ಎಲ್ಲ ಗಾಳಿಯಲ್ಲಿ ಒಣಗಿಸಿ ಪೇಪರ್ ಕವರಲ್ಲಿ ಹಾಕಬೇಕು ಅಂತ. 2024ರ ಜುಲೈ 1ರಿಂದ ಹಳೇ ಸಿಆರ್‌ಪಿಸಿ ಬದಲು ಬಂದಿರೋ ಕಾನೂನು, ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 176ನೇ ಕಲಮು 7 ವರ್ಷ ಅಥವಾ ಅದಕ್ಕಿಂತ ಹೆಚ್ಚು ಶಿಕ್ಷೆ ಇರೋ ಅಪರಾಧಗಳಲ್ಲಿ ಫೊರೆನ್ಸಿಕ್ ತಜ್ಞರು ಸ್ಥಳಕ್ಕೆ ಬರಲೇಬೇಕು ಅನ್ನತ್ತೆ, ಅದನ್ನ ಜಾರಿ ಮಾಡೋಕೆ ರಾಜ್ಯಗಳಿಗೆ 5 ವರ್ಷದ ಅವಕಾಶ ಇದೆ. ಅಲ್ಲೀವರೆಗೆ ಕಾಯಬೇಕಾ? ಖಾಕಿ ಪೇಪರ್ ಕವರಿಗೆ ಎಷ್ಟು ದುಡ್ಡಾಗತ್ತೆ?

ನಾನು ಕೇಳೋದು ಇಷ್ಟು. ಪ್ರತಿ ಸ್ಟೇಷನ್ನಲ್ಲಿ, ಪ್ರತಿ ಸರ್ಕಾರಿ ಆಸ್ಪತ್ರೆಯಲ್ಲಿ ಬಟ್ಟೆ ಒಣಗಿಸೋಕೆ ಬೀಗ ಹಾಕೋ ಅಂಥ ಒಂದು ಜಾಗ ಮಾಡಿ, ಒಂದೊಂದು ಬಟ್ಟೆಗೂ ಬೇರೆ ಬೇರೆ ಕವರ್ ಕೊಡಿ. ಯಾವಾಗ ಒಣಗಿಸಿದ್ರು, ಯಾವತ್ತು ಲ್ಯಾಬಿಗೆ ಕಳಿಸಿದ್ರು ಅಂತ ದಾಖಲೆ ಇರಲಿ, ಮನೆಯವರು ಕೇಳಿದ್ರೆ ಹೇಳಲಿ. ಇನ್ನೊಂದು ಎಲ್ಲಕ್ಕಿಂತ ಮುಖ್ಯ: ಪಾರ್ಸಲ್ ಒದ್ದೆಯಾಗಿ, ಬೂಷ್ಟು ಹಿಡಿದು ಬಂದಿದ್ರೆ ಲ್ಯಾಬಿನವರು ರಿಪೋರ್ಟಲ್ಲೇ ಅದನ್ನ ದಪ್ಪ ಅಕ್ಷರದಲ್ಲಿ ಬರೀಲಿ. ಪತ್ತೆಯಾಗಿಲ್ಲ ಅನ್ನೋದಕ್ಕೂ ಏನೂ ನಡೆದೇ ಇಲ್ಲ ಅನ್ನೋದಕ್ಕೂ ಅಜಗಜಾಂತರ ಇದೆ, ಕಾನೂನಿನಲ್ಲೂ ಅತ್ಯಾಚಾರ ಸಾಬೀತಾಗೋಕೆ ವೀರ್ಯ ಸಿಗಲೇಬೇಕು ಅಂತ ಇಲ್ಲ.

ಇದನ್ನ ಓದ್ತಿರೋ ನಮ್ಮ ಅಕ್ಕತಂಗಿಯರಿಗೂ ಒಂದು ಮಾತು. ಇಂಥದ್ದು ಆದಾಗ ಬಟ್ಟೆ ಒಗೀಬೇಡಿ, ಆದಷ್ಟೂ ಸ್ನಾನ ಮಾಡದೇ ಹೋಗಿ, ಮಾಡಿಬಿಟ್ಟಿದ್ರೂ ಪರವಾಗಿಲ್ಲ, ಹೋಗೇ ಹೋಗಿ, 3-4 ದಿನದವರೆಗೂ ಸಾಕ್ಷಿ ಸಿಗೋ ಸಾಧ್ಯತೆ ಇರತ್ತೆ. ಮೊದಲು ಎಫ್ಐಆರ್ ಆಗಲಿ ಅಂತ ಆಸ್ಪತ್ರೆಯವರು ವಾಪಸ್ ಕಳಿಸೋ ಹಾಗಿಲ್ಲ, ಚಿಕಿತ್ಸೆ ಪುಕ್ಕಟೆ ಕೊಡಬೇಕು, ಅದು ಕಾನೂನು.

ಮಂತ್ರಿಗಳೇ, ಮಳೆಗಾಲ ಶುರುವಾಗೋ ಮುಂಚೆ ಈ ಬಗ್ಗೆ ಒಂದು ಸರ್ಕ್ಯುಲರ್ ಹೊರಡಿಸಿ ಅಂತ ಕೈಮುಗಿದು ಕೇಳ್ತೀನಿ. ನಿಮ್ಮ ಇಲಾಖೆಯಿಂದ ಏನೇ ಉತ್ತರ ಬಂದ್ರೂ ಅದನ್ನ ಕನ್ನಡದಲ್ಲಿ ಇಲ್ಲೇ ಹಾಕ್ತೀನಿ.

ಇಂತಿ,
ಮುಂಬೈಯ ಒಬ್ಬ ಕನ್ನಡತಿ