ಹೊರದೇಶದ ಸೊಸೆಗೆ ದುಡಿಯುವ ಹಕ್ಕು ಕೊಡಿ

ಮಾನ್ಯ ಸಂಪಾದಕರೇ,

ಹೊರದೇಶದ ಹುಡುಗಿ ನಮ್ಮ ಹುಡುಗನನ್ನು ಮದುವೆಯಾದರೆ ಅಲ್ಲಿಗೆ ಅವಳು ಭಾರತದ ಪ್ರಜೆಯಾದಳು ಅಂತ ನಮ್ಮಲ್ಲಿ ಬಹಳ ಜನ ಅಂದುಕೊಂಡಿದ್ದಾರೆ. ಹಾಗಿಲ್ಲ. ನನ್ನ ಸೊಸೆ ಬ್ರೆಜಿಲ್‌ನವಳು. ಯೋಗ ಕಲಿಯಲು ಮೈಸೂರಿಗೆ ಬಂದವಳು ನನ್ನ ಮಗನನ್ನು ಮೆಚ್ಚಿ ಇಲ್ಲೇ ಉಳಿದಳು. ಆಮೇಲೆ ಮನೆಯವರೆಲ್ಲ ಕೂತು ಕಾನೂನು ಓದಬೇಕಾಯಿತು, ಯಾಕೆಂದರೆ ಸರಿಯಾಗಿ ಹೇಳುವವರೇ ಸಿಗಲಿಲ್ಲ.

ದೇವಸ್ಥಾನದಲ್ಲಿ ತಾಳಿ ಕಟ್ಟಿಸಿ ಛತ್ರದಲ್ಲಿ ಊಟ ಹಾಕಿಸಿದರೆ ಸಾಲದು. ಹಿಂದೂ ವಿವಾಹ ಕಾಯ್ದೆ ಇಬ್ಬರೂ ಹಿಂದೂಗಳಾಗಿದ್ದರೆ ಮಾತ್ರ. ಒಬ್ಬರು ಬೇರೆ ಧರ್ಮದವರಾದರೆ ಆ ಕಾಯ್ದೆಯಡಿ ಮದುವೆ ನಿಲ್ಲುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2008ರಲ್ಲೇ ಹೇಳಿದೆ. ಅಂಥವರಿಗೆ ಇರುವುದು 1954ರ ವಿಶೇಷ ವಿವಾಹ ಕಾಯ್ದೆ. ಇಬ್ಬರಲ್ಲಿ ಒಬ್ಬರಾದರೂ ಆ ಜಿಲ್ಲೆಯಲ್ಲಿ 30 ದಿನ ವಾಸವಿರಬೇಕು, ನೋಟಿಸ್ ಕೊಟ್ಟ ಮೇಲೆ ಮತ್ತೆ 30 ದಿನ ಕಾಯಬೇಕು, ಜೊತೆಗೆ ಅವಳಿಗೆ ಬೇರೆ ಮದುವೆ ಆಗಿಲ್ಲ ಅನ್ನುವ ಪತ್ರವನ್ನು ಅವಳ ದೇಶದಿಂದ ತರಿಸಬೇಕು. ಇಷ್ಟರಲ್ಲಿ ಟೂರಿಸ್ಟ್ ವೀಸಾ ಮುಗಿಯುತ್ತಾ ಬಂದಿರುತ್ತದೆ.

ಮದುವೆ ನೋಂದಣಿಯಾದ ಮೇಲೆ ಸಿಗುವುದು ಎಂಟ್ರಿ ವೀಸಾ, ಅಂದರೆ ಗಂಡನ ಜೊತೆ ಇಲ್ಲಿ ಉಳಿಯಲು ಕೊಡುವ ವೀಸಾ. 2018ರಿಂದ ಇದರ ಅರ್ಜಿ ವಿಸ್ತರಣೆ ಎಲ್ಲ ಆನ್‌ಲೈನ್ ಆಗಿದೆ, ಅದು ನಿಜಕ್ಕೂ ಒಳ್ಳೆಯದಾಯಿತು. ಆದರೆ ಈ ವೀಸಾದಲ್ಲಿ ಸಂಬಳಕ್ಕೆ ದುಡಿಯುವ ಹಾಗಿಲ್ಲ. ಒಸಿಐ ಕಾರ್ಡ್ (ಹೆಸರಿಗೆ ‘ಸಾಗರೋತ್ತರ ಭಾರತೀಯ ನಾಗರಿಕ’ ಅಂತಿದ್ದರೂ ಪೌರತ್ವವಲ್ಲ, ಇಲ್ಲಿ ನೆಲೆಸಲು ಕೊಡುವ ಕಾರ್ಡ್) ಬಂದರೆ ದುಡಿಯಬಹುದು, ಮನೆ ಸೈಟು ಕೊಳ್ಳಬಹುದು (ಹೊಲ, ಕಾಫಿ ತೋಟ ಮಾತ್ರ ಕೊಳ್ಳುವಂತಿಲ್ಲ), ಪದೇ ಪದೇ ವೀಸಾ ಕೇಳುವ ತಾಪತ್ರಯವೂ ಇಲ್ಲ. ಆದರೆ ಅದಕ್ಕೆ ಅರ್ಜಿ ಹಾಕಬೇಕಾದರೂ ನೋಂದಣಿಯಾದ ಮದುವೆ ಎರಡು ವರ್ಷ ನಡೆದಿರಬೇಕು. ಪಾಕಿಸ್ತಾನ, ಬಾಂಗ್ಲಾದೇಶದವರಿಗಂತೂ ಆ ಕಾರ್ಡೇ ಇಲ್ಲ. ಇನ್ನು ಪೌರತ್ವ ಬೇಕೆಂದರೆ ಏಳು ವರ್ಷ ಇಲ್ಲಿ ವಾಸವಿರಬೇಕು.

ಆ ಎರಡು ವರ್ಷವೇ ನನಗೆ ಜಾಸ್ತಿ ಸಂಕಟ ಕೊಟ್ಟದ್ದು. ಓದಿದವಳು, ತನ್ನ ಊರಲ್ಲಿ ದುಡಿದು ತಿಂದವಳು, ಇಲ್ಲಿ ಫೋನ್ ರೀಚಾರ್ಜ್‌ಗೂ ಗಂಡನ ಹತ್ತಿರ ದುಡ್ಡು ಕೇಳಬೇಕು. ವೀಸಾ ವಿಸ್ತರಣೆಗೆ ಗಂಡನ ಪತ್ರ ಬೇಕು, ಗಂಡನ ದಾಖಲೆ ಬೇಕು. ನನ್ನ ಮಗ ಒಳ್ಳೆಯವನು. ಆದರೆ ಎಲ್ಲರ ಮಗನೂ ಒಳ್ಳೆಯವನೇ ಆಗಿರಬೇಕಲ್ವಾ? ನಾಳೆ ಒಬ್ಬ ಹೊಡೆಯಲು ಕೈ ಎತ್ತಿದರೆ, ಪತ್ರಕ್ಕೆ ಸಹಿ ಹಾಕಲ್ಲ ಅಂದರೆ, ಆ ಹುಡುಗಿ ದೂರು ಕೊಡುವ ಮೊದಲು ತನ್ನ ವೀಸಾ ಏನಾಗುತ್ತದೋ ಅಂತ ಯೋಚಿಸಬೇಕು. ಕೌಟುಂಬಿಕ ದೌರ್ಜನ್ಯ ತಡೆಯುವ 2005ರ ಕಾಯ್ದೆ ಯಾವ ದೇಶದವಳು ಎಂದು ಕೇಳುವುದಿಲ್ಲ, ಆ ಮನೆಯಲ್ಲಿ ಬಾಳುವ ಹೆಂಗಸಾಗಿದ್ದರೆ ಸಾಕು. ಸಮಾನತೆ, ಜೀವ ಮತ್ತು ಸ್ವಾತಂತ್ರ್ಯ ಕಾಯುವ ಸಂವಿಧಾನದ 14 ಮತ್ತು 21ನೇ ವಿಧಿಗಳ ರಕ್ಷಣೆಯೂ ಪ್ರಜೆಗಳಿಗೆ ಮಾತ್ರ ಇರುವುದಲ್ಲ. ಇದು ಹೊರದೇಶದ ಸೊಸೆಯಂದಿರಿಗೆ ಗೊತ್ತೇ ಇರುವುದಿಲ್ಲ. ಗೊತ್ತಿದ್ದರೂ, ವಿಚ್ಛೇದನವಾದರೆ ಮದುವೆಯಿಂದ ಬಂದ ಒಸಿಐ ಕಾರ್ಡ್ ರದ್ದು ಮಾಡಲು ಪೌರತ್ವ ಕಾಯ್ದೆಯಲ್ಲೇ ಅವಕಾಶವಿದೆ. ಇಲ್ಲೇ ಮಕ್ಕಳನ್ನು ಹೆತ್ತು, ಸ್ಕೂಲಿಗೆ ಸೇರಿಸಿ, ಕನ್ನಡ ಕಲಿತು ಬದುಕಿದವಳಿಗೂ ಅಷ್ಟೇ. ಇದು ನ್ಯಾಯವಲ್ಲ.

ಮಕ್ಕಳ ವಿಷಯದಲ್ಲಿ ಇನ್ನೊಂದು ಎಚ್ಚರಿಕೆ. 2004ರ ಡಿಸೆಂಬರ್ 3ರ ನಂತರ ಇಲ್ಲಿ ಹುಟ್ಟಿದ ಮಗುವಿಗೆ ಪೌರತ್ವ ಸಿಗಲು ತಂದೆ ತಾಯಿಯಲ್ಲಿ ಒಬ್ಬರು ಭಾರತೀಯರಾಗಿದ್ದರೆ ಸಾಲದು, ಇನ್ನೊಬ್ಬರು ಆ ಹೊತ್ತಿಗೆ ಅಕ್ರಮ ವಲಸಿಗರಾಗಿರಬಾರದು. ವೀಸಾ ಅವಧಿ ಮುಗಿದ ಮೇಲೂ ಉಳಿದವರನ್ನು ಕಾಯ್ದೆ ಅಕ್ರಮ ವಲಸಿಗರೆಂದೇ ಕರೆಯುತ್ತದೆ. ಹಾಗಾಗಿ ಬಸುರಿ ಸೊಸೆಯ ವೀಸಾ ತಾರೀಕನ್ನು ಸುಮ್ನೆ ಮರೆತು ಕೂತರೆ ಮಗುವಿನ ಪೌರತ್ವಕ್ಕೇ ತೊಂದರೆ. ಸೀಮಂತಕ್ಕೆ ಮುಂಚೆ ಪಾಸ್‌ಪೋರ್ಟ್ ತೆಗೆದು ನೋಡಿ ಎಂದು ನಾನು ಗೊತ್ತಿದ್ದವರಿಗೆಲ್ಲ ಹೇಳುತ್ತಿದ್ದೇನೆ.

ಕೇಂದ್ರ ಸರ್ಕಾರಕ್ಕೆ ನಾನು ಕೇಳುವುದು ಇಷ್ಟೇ. ಮದುವೆ ನೋಂದಣಿಯಾಗಿ ಎಂಟ್ರಿ ವೀಸಾ ಸಿಕ್ಕ ದಿನದಿಂದಲೇ ದುಡಿಯಲು ಬಿಡಿ. ಸುಳ್ಳು ಮದುವೆಗಳ ಭಯವಿದ್ದರೆ ಮನೆಗೆ ಬಂದು ವಿಚಾರಿಸಿ, ಬೇಡ ಅನ್ನುವವರು ಯಾರು? ಹೊಡೆತ ತಿಂದು ಹೊರಬಂದವಳಿಗೆ, ಇಲ್ಲಿ ಮಕ್ಕಳಿರುವವಳಿಗೆ ಗಂಡನ ಸಹಿ ಇಲ್ಲದೆ ಉಳಿಯುವ ದಾರಿ ಕಾನೂನಿನಲ್ಲೇ ಬರೆದಿರಲಿ, ಅಧಿಕಾರಿಯ ಮನಸ್ಸಿಗೆ ಬಿಡಬೇಡಿ. ಹೊರದೇಶದಿಂದ ಬಂದ ಅಳಿಯಂದಿರಿಗೂ ಇದೇ ಅನುಕೂಲ ಸಿಗಲಿ.

ಇದಕ್ಕೆಲ್ಲ ದೆಹಲಿಯನ್ನೇ ಕಾಯಬೇಕು, ಸರಿ. ಆದರೆ ಮದುವೆ ನೋಟಿಸ್ ಕೊಡಲು ಸಬ್ ರಿಜಿಸ್ಟ್ರಾರ್ ಕಚೇರಿಗೆ ಬಂದ ಜೋಡಿಯ ಕೈಗೆ ಈ ವೀಸಾ, ಒಸಿಐ, ಮಗುವಿನ ಪೌರತ್ವ, ದೌರ್ಜನ್ಯವಾದರೆ ಎಲ್ಲಿಗೆ ಹೋಗಬೇಕು ಅನ್ನುವುದನ್ನೆಲ್ಲ ಕನ್ನಡ ಮತ್ತು ಇಂಗ್ಲಿಷಿನಲ್ಲಿ ಅಚ್ಚು ಹಾಕಿದ ಒಂದು ಹಾಳೆ ಕೊಡುವುದಕ್ಕೆ ಯಾವ ತಿದ್ದುಪಡಿಯೂ ಬೇಡ. ಆ ಕಚೇರಿಗಳು ರಾಜ್ಯ ಸರ್ಕಾರದವೇ. ನಮ್ಮ ಕಂದಾಯ ಸಚಿವರು ಈ ತಿಂಗಳೇ ಮಾಡಿಸಬಹುದು.

– ಒಬ್ಬ ಅತ್ತೆ, ಮೈಸೂರು