ಬಲ್ಬು ಹೋದರೆ ಗಡಿಯಾರವನ್ನೇ ಬದಲಿಸಬೇಕಾ?

ಸಂಪಾದಕರೇ,

ಹಳೇ ಕಾರಿನ ಡ್ಯಾಶ್‌ಬೋರ್ಡ್ ಗಡಿಯಾರ ರಾತ್ರಿ ಕಾಣುತ್ತಿಲ್ಲ ಅಂದರೆ ಸಾಕು, ಕಲಬುರಗಿಯ ಕೆಲವು ಗ್ಯಾರೇಜುಗಳಲ್ಲಿ ಇಡೀ ಗಡಿಯಾರವನ್ನೇ ಬದಲಿಸಿ ಅನ್ನುತ್ತಾರೆ. ಟೈಮ್ ಸರಿಯಾಗಿಯೇ ಇರುತ್ತದೆ, ಹೋಗಿರುವುದು ಹಿಂದಿನ ಪುಟ್ಟ ಬಲ್ಬು ಮಾತ್ರ. ಹಲವು ಕಾರುಗಳಲ್ಲಿ ಅದು 12 ವೋಲ್ಟಿನ, 1.2 ವ್ಯಾಟಿನ ಬಲ್ಬು. ಅದೇ ಅಳತೆಯ ಒಳ್ಳೆ ಎಲ್‌ಇಡಿ ಹಾಕಿದರೆ ಕರೆಂಟೂ ಕಡಿಮೆ, ಬಿಸಿಯೂ ಕಡಿಮೆ. ನಮ್ಮ ಬಿಸಿಲಿಗೆ ಡ್ಯಾಶ್‌ಬೋರ್ಡ್ ಮೊದಲೇ ರೊಟ್ಟಿ ಹಂಚಿನಂತೆ ಕಾದಿರುತ್ತದೆ, ಅಲ್ವಾ?

ಕೈ ಹಾಕುವ ಮುಂಚೆ ಬ್ಯಾಟರಿಯ ಮೈನಸ್ ವೈರ್ ಬಿಚ್ಚಿ. ಎಲ್‌ಇಡಿಗೆ ಪ್ಲಸ್ಸು ಮೈನಸ್ಸು ಇರುವುದರಿಂದ, ಉರಿಯದಿದ್ದರೆ ಕೆಟ್ಟಿದೆ ಅಂತ ಸುಮ್ನೆ ಎಸೆಯಬೇಡಿ, ತಿರುಗಿಸಿ ಹಾಕಿ ನೋಡಿ. ಹಳೇ ಬಲ್ಬಿಗೆ ಹಸಿರು ಟೋಪಿ ಇದ್ದರೆ ಹಸಿರು ಎಲ್‌ಇಡಿಯನ್ನೇ ಕೇಳಿ. ಈಗ ಎಲ್ಲರೂ ಕೊಡುವ ಆ ನೀಲಿ ಬಿಳುಪು ಬೆಳಕು ನನಗಂತೂ ಹಿಡಿಸುವುದಿಲ್ಲ, ರಾತ್ರಿ ಹುಮನಾಬಾದ್ ರಸ್ತೆಯಲ್ಲಿ ಹೋಗುವಾಗ ಕಣ್ಣಿಗೆ ಚುಚ್ಚುತ್ತದೆ, ಡ್ಯಾಶ್‌ಬೋರ್ಡ್ ಬೆಳಕು ತಗ್ಗಿಸುವ ಡಿಮ್ಮರ್ ತಿರುಗಿಸಿದರೂ ಕೆಲವು ಎಲ್‌ಇಡಿ ಸರಿಯಾಗಿ ತಗ್ಗುವುದಿಲ್ಲ.

ಬಿಡಿಭಾಗದ ಅಂಗಡಿಯವರು ಈ ಚಿಕ್ಕ ಬಲ್ಬುಗಳನ್ನೂ ತರಿಸಿಡಲಿ. ಬಲ್ಬನ್ನು ಬೋರ್ಡಿಗೇ ಬೆಸುಗೆ ಹಾಕಿರುವ ಕಾರುಗಳಿದ್ದರೆ ಮಾತ್ರ ಎಲೆಕ್ಟ್ರಿಷಿಯನ್ ಹತ್ತಿರವೇ ಹೋಗಬೇಕು.

– ಒಬ್ಬ ಓದುಗ, ಕಲಬುರಗಿ