ಕದ್ದರು ಅನ್ನುವ ಮೊದಲು

ಪ್ರಿಯ ತಮ್ಮ,

ನಿನ್ನ ಪತ್ರ ಓದಿದೆ. ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿ ಕನ್ನಡ ಶಾಲೆಗೆ ಹೋಗುವ ಹುಡುಗನ ಕತೆಯನ್ನು ಅಂಧೇರಿಯ ಒಂದು ಸ್ಟುಡಿಯೋಗೆ ನೀನು ಹೇಳಿ ಬಂದಿದ್ದೀಯ. ಈಗ ಅವರ ಎದುರಾಳಿ ಕಂಪನಿ ಅಂಥದ್ದೇ ವೆಬ್ ಸೀರೀಸ್ ಮಾಡುತ್ತಿದೆ. 'ಅಕ್ಕ, ನನ್ನ ಕತೆ ಕದ್ದರು' ಅಂತ ಬರೆದಿದ್ದೀಯ. ನಿನ್ನ ಸಂಕಟ ಸುಳ್ಳಲ್ಲ. ಆದರೆ ಹೋದದ್ದು ಏನು ಅಂತ ಮೊದಲು ನೋಡಬೇಕು.

ಮುಂಬೈಯ ರಾತ್ರಿಶಾಲೆಯಲ್ಲಿ ಓದಿ ಮೇಲೆ ಬಂದ ಕನ್ನಡಿಗರು ಎಷ್ಟು ಜನ! ಫೋರ್ಟ್, ಮಾಟುಂಗದ ಹಿರಿಯರನ್ನು ಕೇಳು, ಎಲ್ಲರಿಗೂ ಗೊತ್ತು. ಆ ಎಳೆ ನಿನ್ನದೂ ಅಲ್ಲ, ಅವರದೂ ಅಲ್ಲ. 2002ರ ಜೂನ್ 7ರಂದು ಭಗತ್ ಸಿಂಗ್ ಬಗ್ಗೆ ಎರಡು ಹಿಂದಿ ಸಿನಿಮಾ ಒಂದೇ ದಿನ ಬಿಡುಗಡೆಯಾದವು. ಇತಿಹಾಸ ಇಬ್ಬರ ಮುಂದೆಯೂ ಇತ್ತು. ಅದೂ ಅಲ್ಲದೆ, ಈ ಊರಲ್ಲಿ ಇವತ್ತು ಒಂದು ಆಫೀಸಿನಲ್ಲಿ ನಿನ್ನ ನರೇಶನ್, ಅಂದರೆ ನೀನು ಹೇಳುವ ಕತೆ, ಕೇಳಿದವರು ನಾಳೆ ಪಕ್ಕದ ಆಫೀಸಿನಲ್ಲಿರುತ್ತಾರೆ. ಎಲ್ಲ ಕಡೆಯೂ ಹುಡುಕುವುದು ಹೋದ ವರ್ಷ ಗೆದ್ದ ಕತೆಯಂಥದ್ದನ್ನೇ.

ಆರ್.ಜಿ. ಆನಂದ್ ಅವರ ಕೇಸು ನೀನು ತಿಳಿದಿರಬೇಕು. ಅವರು 'ಹಮ್ ಹಿಂದೂಸ್ತಾನಿ' ಅಂತ ನಾಟಕ ಬರೆದಿದ್ದರು. ಒಬ್ಬ ನಿರ್ದೇಶಕರಿಗೆ ಅದನ್ನು ವಿವರವಾಗಿ ಹೇಳಿಯೂ ಇದ್ದರು. 1956ರಲ್ಲಿ ಅದೇ ನಿರ್ದೇಶಕರ 'ನ್ಯೂ ಡೆಲ್ಲಿ' ಸಿನಿಮಾ ಬಂತು. ಎರಡರಲ್ಲೂ ಒಂದು ಪಂಜಾಬಿ ಮನೆ, ಒಂದು ಮದ್ರಾಸಿ ಮನೆ, ನಡುವೆ ಪ್ರೀತಿ. ಓದಿದರೆ ನಿನಗೂ ಅನುಮಾನ ಬರುತ್ತೆ. ಆದರೆ 1978ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಆನಂದ್ ಸೋತರು. ಯೋಚನೆಗೆ, ವಸ್ತುವಿಗೆ ಕಾಪಿರೈಟ್ ಇಲ್ಲ, ಹೇಳಿದ ರೀತಿಗೆ ಮಾತ್ರ ಇದೆ ಎಂದಿತು ಕೋರ್ಟ್. ಎರಡನ್ನೂ ನೋಡಿದವರಿಗೆ ಇದು ಅದರ ನಕಲೇ ಅಂತ ಖಚಿತವಾಗಬೇಕು, ಇಲ್ಲಿ ಹಾಗಾಗಲಿಲ್ಲ. ಸಿನಿಮಾದಲ್ಲಿ ಬಾಡಿಗೆ ಮನೆ ಕೊಡುವಾಗಿನ ಭೇದ ಇತ್ತು, ವರದಕ್ಷಿಣೆ ಇತ್ತು. ನಾಟಕದಲ್ಲಿ ಅವು ಇರಲಿಲ್ಲ.

ಹಾಗಂತ ಬರಹಗಾರರಿಗೆ ದಾರಿಯೇ ಇಲ್ಲ ಅಂದುಕೊಳ್ಳಬೇಡ. ಸನ್‌ಡಯಲ್ ಎಂಬ ಕಂಪನಿ ಒಂದು ಸೀರಿಯಲ್ ಕಾನ್ಸೆಪ್ಟನ್ನು ಝೀಗೆ ನಂಬಿಕೆಯಿಂದ ವಿವರಿಸಿತ್ತು. ಆಮೇಲೆ ಝೀ ಅಂಥದ್ದೇ ಸೀರಿಯಲ್ ತೆಗೆಯಿತು. ಬಾಂಬೆ ಹೈಕೋರ್ಟ್ 2003ರಲ್ಲಿ ಅದಕ್ಕಿದ್ದ ತಡೆಯನ್ನು ಎತ್ತಿಹಿಡಿಯಿತು. ನಂಬಿ ಹೇಳಿದ್ದನ್ನು ಕೇಳಿದವರು ತಮ್ಮದಾಗಿ ಬಳಸುವಂತಿಲ್ಲ. ಆದರೆ ಏನು ಹೇಳಿದ್ದೆ ಅನ್ನುವುದಕ್ಕೆ ದಾಖಲೆ ಬೇಕು.

ನೀನು ಹೇಳಿದ್ದು ಬರೀ ಒನ್‌ಲೈನ್, ಒಂದು ಸಾಲಿನ ಎಳೆ, ಅಲ್ವಾ? ಅದೇ ನನಗೆ ಬೇಜಾರು. ನಿನ್ನ ಹುಡುಗ ಗ್ರೈಂಡರ್ ತೊಳೆದು ತರಗತಿಗೆ ಹೋದಾಗ ಅವನ ಕೈ ಹೇಗಿರುತ್ತದೆ? ಮಾಲೀಕರ ಜೊತೆ ತುಳು, ಮೇಷ್ಟ್ರ ಜೊತೆ ಕನ್ನಡ, ಗಿರಾಕಿಗಳ ಜೊತೆ ಮರಾಠಿ, ಹಿಂದಿ. ಕನಸು ಬೀಳುವುದು ಯಾವ ಭಾಷೆಯಲ್ಲಿ? ಊರಿಗೆ ಬರೆದ ಪತ್ರದಲ್ಲಿ ಅವನು ಏನನ್ನು ಮುಚ್ಚಿಟ್ಟ? ಇದನ್ನೆಲ್ಲ ಬರೆ. ಬೇರೆಯವರ ಕೈಯಲ್ಲಿ ಇದೇ ಹುಡುಗ ಹೀಗೆಯೇ ಬರಲು ಸಾಧ್ಯವಿಲ್ಲ.

ಬರೆದದ್ದನ್ನು ಚಿತ್ರಕತೆ ಬರೆಯುವವರ ಸಂಘವಾದ ಸ್ಕ್ರೀನ್‌ರೈಟರ್ಸ್ ಅಸೋಸಿಯೇಷನ್‌ನಲ್ಲಿ ರಿಜಿಸ್ಟರ್ ಮಾಡಿಸು. ಇಂಥ ದಿನ ಇಂಥದ್ದು ನಿನ್ನ ಹತ್ತಿರ ಇತ್ತು ಅನ್ನುವುದಕ್ಕೆ ಅದು ಸಾಕ್ಷಿ, ಜಾಸ್ತಿ ಏನಲ್ಲ. ನರೇಶನ್ ಮುಗಿದ ದಿನವೇ ಮೇಲ್ ಕಳಿಸು: ಇಂಥವರು ಕೇಳಿದರು, ಇಷ್ಟು ಹೇಳಿದೆ ಅಂತ. ಕತೆ ಕೇಳುವ ಮೊದಲು ಸ್ಟುಡಿಯೋದವರು ಕೊಡುವ ರಿಲೀಸ್ ಫಾರ್ಮನ್ನು ಓದದೆ ಸುಮ್ನೆ ಸಹಿ ಹಾಕಬೇಡ. ಇಂಥದ್ದೇ ಕತೆ ನಮ್ಮಲ್ಲಿ ಮೊದಲೇ ಇರಬಹುದು ಅಂತ ಅದರಲ್ಲಿ ಬರೆದಿರುತ್ತಾರೆ.

ಇನ್ನೊಂದು ಮಾತು, ನನಗೆ ತುಂಬ ಮುಖ್ಯವಾದದ್ದು. ಮುಂದೆ ನಿನ್ನನ್ನೂ ಕೂರಿಸಿ ಗೆದ್ದ ಸೀರಿಯಲ್ಲೊಂದನ್ನು ತೋರಿಸುತ್ತಾರೆ. 'ರೆಫರೆನ್ಸ್ ಅಷ್ಟೇ, ಸೀನ್ ಇದೇ ಥರ ಬೇಕು' ಅನ್ನುತ್ತಾರೆ. ಬಾಡಿಗೆ ಕಟ್ಟುವ ತಾರೀಕು ಹತ್ತಿರವಿರುತ್ತದೆ. ಆದರೂ ಬರೆಯಬೇಡ. ಆ ಸೀನನ್ನು ನಿನ್ನಂಥವನೇ ಒಬ್ಬ ರಾತ್ರಿಯಿಡೀ ಕೂತು ಬರೆದಿರುತ್ತಾನೆ.

ಆ ಸ್ಟುಡಿಯೋಗೆ ಕಳಿಸಿದ ಮೇಲ್‌ಗಳ ಪ್ರಿಂಟ್ ತೆಗೆದುಕೊಂಡು ಭಾನುವಾರ ಮಾಟುಂಗಕ್ಕೆ ಬಾ. ಓದಿ ನೋಡೋಣ. ಹುರುಳಿದ್ದರೆ ಅಸೋಸಿಯೇಷನ್‌ನ ವಿವಾದ ಸಮಿತಿಗೆ ದೂರು ಕೊಡೋಣ, ಜೊತೆಗೆ ನಾನೂ ಬರುತ್ತೇನೆ. ಹುರುಳಿಲ್ಲದಿದ್ದರೆ ಅವತ್ತೇ ಮೊದಲ ಎಪಿಸೋಡ್ ಬರೆಯಲು ಕೂರು.

ನಿನ್ನ
ಅಕ್ಕ